ದ್ಯಾಮಮ್ಮ ಕೊಟ್ಟ ಸೈಟು

ನ್ಯೂ ಟೌನ್, ಭದ್ರಾವತಿ
12 ಆಗಸ್ಟ್ 2024

ಪೂಜ್ಯ ಜಯಾ ಮೇಡಂ ಅವರಿಗೆ ಸುಷ್ಮಾ ಮಾಡುವ ನಮಸ್ಕಾರಗಳು.

ನೀವು ನನ್ನನ್ನು ಮರೆತಿರುತ್ತೀರಿ. ಪಿಯುಸಿಯಲ್ಲಿ ನಿಮ್ಮ ಇಂಗ್ಲಿಷ್ ಕ್ಲಾಸಿಗೆ ಭದ್ರಾವತಿ ಬಸ್ಸಿನಲ್ಲಿ ಬಂದು, ಪಾಠ ಶುರುವಾದ ಮೇಲೆ ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗಿ ನಾನು. ಈ ಕವರು ತಂದವನು ನನ್ನ ಅಣ್ಣ ಸುನಿಲ್. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ದಿನಾ ಇಲ್ಲಿಂದಲೇ ಓಡಾಡುತ್ತಾನೆ. ಗಂಟಲ ಆಪರೇಷನ್ ಆಗಿ ನಿಮಗೆ ಮಾತು ನಿಂತಿದೆ, ಫೋನ್ ಇಟ್ಟುಕೊಳ್ಳುವುದಿಲ್ಲ ಎಂದು ಅವನೇ ವಿಚಾರಿಸಿಕೊಂಡು ಬಂದ. ಅದಕ್ಕೆ ಬರೆಯುತ್ತಿದ್ದೇನೆ.

ನಾವು ಕೆಲವು ತಾಯಂದಿರು ಸೇರಿ ಇಲ್ಲಿ ‘ಮಡಿಲು’ ಅಂತ ಒಂದು ಸಂಘ ಮಾಡಿಕೊಂಡಿದ್ದೇವೆ. ನಡೆಯಲಾಗದ, ಕೂರಲಾಗದ, ಮಾತು ಬಾರದ ಮಕ್ಕಳ ತಾಯಂದಿರು. ಒಂದು ಹಳೇ ಬಾಡಿಗೆ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುತ್ತೇವೆ. ಸರದಿ ಮೇಲೆ ಇಬ್ಬರು ಮೂವರು ಅಲ್ಲಿರುತ್ತೇವೆ, ಮಿಕ್ಕವರು ಕೆಲಸಕ್ಕೆ ಹೋಗಿ ಬರುತ್ತಾರೆ. ಈಗ ಓನರ್ ಆ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತಾರಂತೆ. ಮಾರ್ಚ್ ಕೊನೆಗೆ ಖಾಲಿ ಮಾಡಬೇಕು. ಇಂಥ ಮಕ್ಕಳು ಅಂದ ಕೂಡಲೇ ಬೇರೆ ಯಾರೂ ಬಾಡಿಗೆಗೆ ಕೊಡುತ್ತಿಲ್ಲ.

ದೆಹಲಿಯಲ್ಲಿರುವ ಒಂದು ವಿದೇಶಿ ರಾಯಭಾರ ಕಚೇರಿಯವರು ಸಣ್ಣ ಸಣ್ಣ ಸಂಘಗಳಿಗೆ ಅನುದಾನ ಕೊಡುತ್ತಾರೆ ಎಂದು ಗೊತ್ತಾಯಿತು. ಕಟ್ಟಡಕ್ಕೂ ಕೊಡುತ್ತಾರಂತೆ. ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿದೆ, ಇದರ ಜೊತೆ ಇಟ್ಟಿದ್ದೇನೆ. ನನಗೆ ಓದಿದರೆ ಅಷ್ಟಿಷ್ಟು ತಿಳಿಯುತ್ತದೆ, ಬರೆಯಲು ಬಾರದು. ಸೆಪ್ಟೆಂಬರ್ ಮಧ್ಯಕ್ಕೆ ಕೊನೆ. ಬೇರೆ ಯಾರನ್ನು ಕೇಳಬೇಕೋ ತೋಚುತ್ತಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಸುಷ್ಮಾ

*

ದುರ್ಗಿಗುಡಿ, ಶಿವಮೊಗ್ಗ
17 ಆಗಸ್ಟ್ 2024

ಚಿ. ಸುಷ್ಮಾಗೆ ಆಶೀರ್ವಾದಗಳು.

ನೆನಪಿದೆ. ತಡವಾಗಿ ಬಂದರೂ ಮುಂದಿನ ಬೆಂಚಿಗೇ ಬರುತ್ತಿದ್ದವಳು ನೀನು.

ಅರ್ಜಿ ಓದಿದೆ. ಬರೆದುಕೊಡುತ್ತೇನೆ. ನನ್ನ ಅಣ್ಣನ ಮಗಳು ರಶ್ಮಿ ನನ್ನ ಜೊತೆಗಿದ್ದಾಳೆ, ಕಂಪ್ಯೂಟರಿನ ಕೆಲಸ ಅವಳು ಮಾಡುತ್ತಾಳೆ. ಆದರೆ ‘ನಮಗೆ ಬಹಳ ಕಷ್ಟ’ ಎಂದು ಬರೆದರೆ ಯಾರೂ ಹಣ ಕೊಡುವುದಿಲ್ಲ. ಅವರಿಗೆ ಮೂರು ವಿಷಯ ಬೇಕು. ಒಂದು ಮಗುವಿನ ಒಂದು ದಿನ ಹೇಗಿರುತ್ತದೆ ಎಂದು ಉಪ್ಪುಖಾರ ಹಚ್ಚದೆ ಬರೆದು ಕಳಿಸು. ಕಟ್ಟಡ ಯಾರ ಜಾಗದಲ್ಲಿ ಕಟ್ಟುತ್ತೀರಿ ಎಂದು ಹೇಳು. ಮೂರನೆಯದು ಬಹಳ ಮುಖ್ಯ: ಅನುದಾನ ಮುಗಿದ ಮೇಲೆ ನಿಮ್ಮ ಯೋಜನೆ ಹೇಗೆ ಮುಂದುವರಿಯುತ್ತದೆ? ಇದಕ್ಕೆ ಯೋಚಿಸಿ ಉತ್ತರ ಬರೆ. ಎಲ್ಲರೂ ಎಡವುವುದು ಇಲ್ಲಿಯೇ.

ಜಯಾ

*

ಭದ್ರಾವತಿ
25 ಆಗಸ್ಟ್ 2024

ಪೂಜ್ಯ ಮೇಡಂ,

ನೀವು ಕೇಳಿದ್ದಕ್ಕೆ ನನಗೆ ತಿಳಿದಂತೆ ಬರೆಯುತ್ತೇನೆ.

ಗಗನಾ ಎಂಬ ಹುಡುಗಿ ಇದ್ದಾಳೆ. ಹುಟ್ಟುವಾಗ ಮೆದುಳಿಗೆ ಗಾಳಿ ಸಾಲಲಿಲ್ಲ ಎಂದರು. ಕೈಕಾಲು ಬಿಗಿದುಕೊಂಡಿರುತ್ತವೆ. ಬೆಳಿಗ್ಗೆ ಎದ್ದಾಗ ಕಾಲು ಕತ್ತರಿಯ ಹಾಗೆ ಹೆಣೆದುಕೊಂಡಿರುತ್ತದೆ, ಬೆಚ್ಚಗಿನ ಎಣ್ಣೆ ಹಚ್ಚಿ ನಿಧಾನಕ್ಕೆ ಬಿಡಿಸಬೇಕು. ರಾಗಿ ಗಂಜಿ ಚಮಚದಲ್ಲಿ ಕುಡಿಸಬೇಕು, ಅವಸರ ಮಾಡಿದರೆ ನೆತ್ತಿಗೇರುತ್ತದೆ. ಮಾತಿಲ್ಲ. ಬೇಕು ಅಂದರೆ ಮೇಲೆ ನೋಡುತ್ತಾಳೆ, ಬೇಡ ಅಂದರೆ ಕಣ್ಣು ಮುಚ್ಚುತ್ತಾಳೆ. ಮಡಿಲಿಗೆ ಬರುವ ಮೊದಲು ಅವಳು ಗೋಡೆ, ಕಿಟಕಿ, ತಾಯಿಯ ಮುಖ, ಇಷ್ಟನ್ನೇ ನೋಡುತ್ತಿದ್ದಳು. ಈಗ ಬೇರೆ ಮಕ್ಕಳ ಕೂಗು ಕೇಳಿದರೆ ಕೇಕೆ ಹಾಕುತ್ತಾಳೆ. ಆ ತಾಯಿಗೂ ಹಾಗೆಯೇ. ತನ್ನ ಮಗಳನ್ನು ಅಯ್ಯೋ ಅನ್ನದೆ ನೋಡುವ ನಾಲ್ಕು ಜನ ಸಿಕ್ಕಿದ್ದಾರೆ.

ಜಾಗ ಇದೆ. ದ್ಯಾಮಮ್ಮ ಅಂತ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಅವರ ಮಗ, ಸೊಸೆ ಇಬ್ಬರೂ ತೀರಿಹೋಗಿದ್ದಾರೆ. ಮೊಮ್ಮಗ ಲೋಹಿತ್‌ಗೆ ಹದಿನೇಳು ವರ್ಷ, ಎದ್ದು ಕೂರುವುದಿಲ್ಲ. ಅಜ್ಜಿಯೇ ಹೊತ್ತು ತಿರುಗುತ್ತಾರೆ. ಇಲ್ಲೇ ಭದ್ರಾವತಿಯ ಹಳೇ ಊರಿನಲ್ಲಿ ಅವರದೊಂದು ಸೈಟಿದೆ, ಅದನ್ನು ಸಂಘಕ್ಕೆ ಬರೆದುಕೊಡುತ್ತೇನೆ ಎಂದಿದ್ದಾರೆ. ನಾವು ಕೇಳಿರಲಿಲ್ಲ.

ಮೂರನೆಯದಕ್ಕೆ ಬಹಳ ಯೋಚಿಸಿದೆ. ನಮ್ಮ ಮಕ್ಕಳು ದೊಡ್ಡವರಾಗಿ ದುಡಿಯುವುದಿಲ್ಲ ಮೇಡಂ. ನಮ್ಮ ಸೊಂಟ ಗಟ್ಟಿ ಇರುವವರೆಗೆ ನಾವು ಎತ್ತುತ್ತೇವೆ. ನಾವು ಸತ್ತ ಮೇಲೆ ಹೇಗೆ ಅನ್ನುವುದು ನನಗೆ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ಮಕ್ಕಳು ಮಲಗಿದಾಗ ನಾವು ಮಾತಾಡಿಕೊಳ್ಳುವುದೂ ಅದನ್ನೇ.

ಸುಷ್ಮಾ

*

ಶಿವಮೊಗ್ಗ
9 ಸೆಪ್ಟೆಂಬರ್ 2024

ಚಿ. ಸುಷ್ಮಾಗೆ,

ಅರ್ಜಿ ನಿನ್ನೆ ಹೋಯಿತು. ಗಗನಾಳ ಭಾಗವನ್ನು ನೀನು ಬರೆದಂತೆಯೇ ಅನುವಾದಿಸಿದೆ, ಒಂದು ಮಾತು ಮಾತ್ರ ಸೇರಿಸಿದೆ: ಇಂಥ ಮಗುವನ್ನು ಸಾಕಿ ದಣಿದ ತಾಯಿಗೆ ಈ ಹೊರೆಯಿಂದ ಬಿಡುವು ಬೇಕು ಎಂದು. ಓದುವವರ ಮನಸ್ಸು ಅಲ್ಲಿ ನಿಲ್ಲುತ್ತದೆ.

ಮೂರನೆಯ ಉತ್ತರವನ್ನು ಹಾಗೆಯೇ ಹಾಕಲಿಲ್ಲ. ತಾಯಂದಿರ ವಂತಿಗೆ, ಊರಿನ ದಾನಿಗಳು, ಕರಕುಶಲ ವಸ್ತುಗಳ ಮಾರಾಟ ಎಂದು ಬರೆದೆ. ಸುಳ್ಳಲ್ಲ, ಮುಂದೆ ಮಾಡಬಹುದಾದದ್ದು. ನಿನ್ನ ಮಾತು ಅರ್ಜಿಗೆ ಹೊಂದುವುದಿಲ್ಲ, ಓದಿದವರು ಫೈಲು ಮುಚ್ಚಿಡುತ್ತಾರೆ.

ವಿದೇಶಿ ಹಣ ಪಡೆಯಲು ಕೇಂದ್ರ ಸರ್ಕಾರದ ನೋಂದಣಿ ಇದೆಯೇ ಎಂಬ ಕಾಲಂ ಇತ್ತು. ‘ಇಲ್ಲ, ಪಡೆಯುತ್ತೇವೆ’ ಎಂದು ಹಾಕಿದ್ದೇನೆ. ಅದು ಆಮೇಲಿನ ಮಾತು.

ದ್ಯಾಮಮ್ಮನವರ ದಾನಪತ್ರ ಬೇಗ ನೋಂದಣಿ ಮಾಡಿಸು. ಬಾಯಿಮಾತಿಗೆ ಬೆಲೆ ಇಲ್ಲ.

ಜಯಾ

*

ಭದ್ರಾವತಿ
21 ಅಕ್ಟೋಬರ್ 2024

ಪೂಜ್ಯ ಮೇಡಂ,

ದಾನಪತ್ರ ಆಯಿತು. ಪ್ರತಿ ಇಟ್ಟಿದ್ದೇನೆ.

ಉಪನೋಂದಣಿ ಕಚೇರಿಗೆ ಲೋಹಿತ್‌ನನ್ನೂ ಆಟೋದಲ್ಲಿ ಕರೆದುಕೊಂಡು ಹೋಗಿದ್ದೆವು, ಬಿಟ್ಟು ಬರಲು ಅಜ್ಜಿ ಒಪ್ಪಲಿಲ್ಲ. ಅಲ್ಲಿನ ಗುಮಾಸ್ತರು, “ಅಜ್ಜಿ, ಯಾರದಾದ್ರೂ ಬಲವಂತ ಇದ್ಯಾ? ತಿಳ್ಕೊಂಡು ಕೊಡ್ತಿದೀಯಾ?” ಎಂದು ಕೇಳಿದರು. ಪತ್ರದಲ್ಲಿ ಏನಾದರೂ ಷರತ್ತು ಬರೆಸಬೇಕೇ ಎಂದೂ ಕೇಳಿದರು. ದ್ಯಾಮಮ್ಮ ನನ್ನ ಮುಖ ನೋಡಿ, “ಷರತ್ತು ಯಾಕೆ? ಇವ್ಳು ನೋಡ್ಕಳ್ತಾಳೆ” ಅಂದರು. ಅಷ್ಟೇ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಲೋಹಿತ್‌ಗೆ ನೀರು ಕುಡಿಸಲು ಹೊರಗೆ ಹೋದರು.

ಅವರಿಗೆ ಒಂದು ತಿಂಗಳಿಂದ ಕೆಮ್ಮು. ಔಷಧಿ ತಗೊಳ್ಳಿ ಅಂದರೆ ತನಗೇನೂ ಆಗಿಲ್ಲ ಅನ್ನುತ್ತಾರೆ.

ದೆಹಲಿಯಿಂದ ಏನಾದರೂ ಬಂತೇ? ಓನರ್ ನಿನ್ನೆ ಬಂದು ಗೋಡೆ ಅಳತೆ ಮಾಡಿಸಿಕೊಂಡು ಹೋದರು. ಮಕ್ಕಳು ಮಲಗಿದ್ದ ಚಾಪೆಗಳ ಮೇಲೆಯೇ ಟೇಪು ಹಿಡಿದರು. ನೀವು ಕಳಿಸಿದ ಅರ್ಜಿಯ ಪ್ರತಿಯನ್ನು ಓದಿದೆ. ‘ಹೊರೆ’ ಅನ್ನುವ ಪದದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಇರಲಿ.

ಸುಷ್ಮಾ

*

ಶಿವಮೊಗ್ಗ
28 ನವೆಂಬರ್ 2024

ಚಿ. ಸುಷ್ಮಾಗೆ,

ಮೊದಲ ಸುತ್ತು ದಾಟಿದ್ದೀರಿ. ಡಿಸೆಂಬರ್ ಹನ್ನೆರಡಕ್ಕೆ ನಿನ್ನ ಫೋನಿನಲ್ಲಿ ವಿಡಿಯೋ ಕರೆ ಮಾಡುತ್ತಾರೆ. ಕನ್ನಡ ಬಲ್ಲವರೊಬ್ಬರು ಜೊತೆಗಿರುತ್ತಾರೆ. ನಾನು ಬರೆದ ಉತ್ತರಗಳನ್ನು ಕನ್ನಡದಲ್ಲಿ ಮತ್ತೆ ಬರೆದು ಕಳಿಸಿದ್ದೇನೆ, ಬಾಯಿಪಾಠ ಮಾಡಿಕೋ. ಮುಂದುವರಿಕೆಯ ಪ್ರಶ್ನೆ ಬಂದರೆ ವಂತಿಗೆ, ದಾನಿಗಳು, ಮಾರಾಟ, ಈ ಮೂರು ಸಾಕು. ಹೆಚ್ಚು ಮಾತಾಡಬೇಡ. ಅಳಬೇಡ.

ಜಯಾ

*

ಭದ್ರಾವತಿ
14 ಡಿಸೆಂಬರ್ 2024

ಪೂಜ್ಯ ಮೇಡಂ,

ನಾನು ಎಲ್ಲ ಹಾಳು ಮಾಡಿದೆ ಅನ್ನಿಸುತ್ತಿದೆ.

ವಿದೇಶಿ ಹೆಂಗಸೊಬ್ಬರು, ಪಕ್ಕದಲ್ಲಿ ಮೈಸೂರು ಕಡೆಯ ಕನ್ನಡ ಆಡುವ ಒಬ್ಬರು. ಮೊದಲೆಲ್ಲ ಸರಿಯಾಗಿಯೇ ಹೇಳಿದೆ. ಆಮೇಲೆ ಅವರು, “ಊರಿನ ದಾನಿಗಳು ಅಂತ ಬರೆದಿದ್ದೀರಲ್ಲ, ಅವರು ಯಾರು?” ಎಂದು ಕೇಳಿದರು. ನನ್ನ ಹತ್ತಿರ ಹೆಸರಿಲ್ಲ. ಬಾಯಿಪಾಠ ಅಲ್ಲಿಗೇ ನಿಂತಿತು. “ಸದ್ಯಕ್ಕೆ ಯಾರೂ ಇಲ್ಲ” ಅಂದೆ. “ಹಾಗಾದರೆ ಮುಂದೆ ಹೇಗೆ?” ಅಂದರು. ನಿಮಗೆ ಬರೆದಿದ್ದೆನಲ್ಲ, ಅದನ್ನೇ ಹೇಳಿಬಿಟ್ಟೆ. ನಾವು ಸತ್ತ ಮೇಲೆ ಹೇಗೆ ಅಂತ ನಮಗೇ ಗೊತ್ತಿಲ್ಲ ಎಂದು.

ಅವರು ಮನೆ ತೋರಿಸಿ ಅಂದರು. ಫೋನ್ ಹಿಡಿದು ಸುತ್ತಿದೆ. ಮೂಲೆಯಲ್ಲಿ ದ್ಯಾಮಮ್ಮ ಲೋಹಿತ್‌ನನ್ನು ಒರಗಿಸಿಕೊಂಡು ಅನ್ನ ತಿನ್ನಿಸುತ್ತಿದ್ದರು. ಸೈಟು ಕೊಟ್ಟವರು ಇವರೇ ಎಂದೆ. ಯಾಕೆ ಕೊಟ್ಟಿರಿ ಎಂದು ಅವರನ್ನೇ ಕೇಳಿದರು. ದ್ಯಾಮಮ್ಮ ತುತ್ತು ಕೈಯಲ್ಲಿ ಹಿಡಿದೇ, “ನಾನು ಹೋದ್ಮೇಲೆ ಇವನನ್ನ ಎಲ್ಲಿ ಬಿಡ್ಲಿ ತಾಯಿ? ನಮ್ಮದೇ ಜಾಗ ಅಂದ್ರೆ ಏಳು ಅನ್ನೋರು ಯಾರೂ ಇರಲ್ಲ” ಅಂದರು.

ಕನ್ನಡದವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಪರದೆ ಅಲುಗಾಡಲೇ ಇಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡು ನಾನು ಹಲೋ ಹಲೋ ಅಂದೆ. ಹೋಗಿರಲಿಲ್ಲ, ಆ ಹೆಂಗಸು ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಥ್ಯಾಂಕ್ಸ್ ಹೇಳಿ ಇಟ್ಟರು.

ನೀವು ಅಷ್ಟು ಕಷ್ಟಪಟ್ಟು ಬರೆದದ್ದನ್ನು ನಾನು ಕೆಡಿಸಿದೆ. ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಸುಷ್ಮಾ

*

ಶಿವಮೊಗ್ಗ
16 ಜನವರಿ 2025

ಪ್ರೀತಿಯ ಸುಷ್ಮಾ,

ನೀನು ಕೆಡಿಸಿಲ್ಲ. ಆಯ್ಕೆಯಾಗಿದ್ದೀರಿ. ಅರ್ಜಿ ಹಾಕಿದ್ದ ಅಷ್ಟೊಂದು ಸಂಘಗಳಲ್ಲಿ ಆರಿಸಿಕೊಂಡ ಕೆಲವೇ ಕೆಲವರಲ್ಲಿ ನೀವೂ ಇದ್ದೀರಿ. ದೊಡ್ಡ ಕೋಣೆ, ಅಗಲವಾದ ಬಚ್ಚಲು, ಗಾಲಿಕುರ್ಚಿ ಹೋಗುವ ಇಳಿಜಾರು, ಕೇಳಿದ್ದನ್ನೆಲ್ಲ ಒಪ್ಪಿದ್ದಾರೆ. ರಶ್ಮಿ ಪತ್ರ ಓದುವಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಆದರೆ ಒಂದು ತೊಡಕಿದೆ. ಸರ್ಕಾರದ ನೋಂದಣಿ ಅಥವಾ ಅನುಮತಿ ಇಲ್ಲದೆ ನೀವು ಒಂದು ರೂಪಾಯಿ ವಿದೇಶಿ ಹಣವನ್ನೂ ಮುಟ್ಟುವಂತಿಲ್ಲ, ಅದು ಕಾನೂನು. ಆಡಿಟರನ್ನು ವಿಚಾರಿಸಿದೆ. ನೋಂದಣಿಗೆ ನಿಮ್ಮಂಥ ಸಂಘ ತೋರಿಸಲಾಗದಷ್ಟು ಖರ್ಚಿನ ಲೆಕ್ಕ ಬೇಕು. ಇದೊಂದೇ ಅನುದಾನಕ್ಕೆ ಅನುಮತಿ ಕೇಳಬಹುದು, ಅದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೆಂದು ಹೇಳಲಾಗದಂತೆ. ರಾಯಭಾರ ಕಚೇರಿಯವರ ಆರ್ಥಿಕ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಮಾರ್ಚ್ ಹತ್ತರೊಳಗೆ ಒಪ್ಪಂದ ಆಗದಿದ್ದರೆ ಹಣ ವಾಪಸು.

ಧೈರ್ಯಗೆಡಬೇಡ. ನನಗೆ ಗೊತ್ತಿರುವ ಒಂದು ಟ್ರಸ್ಟಿಗೆ ಆ ನೋಂದಣಿ ಇದೆ. ಕಾರ್ಯದರ್ಶಿ ಹರ್ಷವರ್ಧನ ನನ್ನ ಹಳೇ ವಿದ್ಯಾರ್ಥಿ. ಅವನನ್ನು ಕೇಳುತ್ತೇನೆ.

ಈ ಸುದ್ದಿಯನ್ನು ಮೊದಲು ದ್ಯಾಮಮ್ಮನವರಿಗೆ ಹೇಳು.

ಜಯಾ

*

ಶಿವಮೊಗ್ಗ
3 ಫೆಬ್ರವರಿ 2025

ಪ್ರೀತಿಯ ಸುಷ್ಮಾ,

ನಿನ್ನ ಉತ್ತರವಿಲ್ಲ. ಸುನಿಲ್‌ನನ್ನು ಬರೆದು ಕೇಳಿದರೆ “ಅವಳಿಗೆ ಪುರುಸೊತ್ತಿಲ್ಲ ಮೇಡಂ” ಎಂದಷ್ಟೇ ಹೇಳಿ ನೆಲ ನೋಡುತ್ತಾನೆ. ಸಂತೋಷದಲ್ಲಿ ಮರೆತೆಯೋ, ಭಯವೋ ತಿಳಿಯದು.

ಹರ್ಷವರ್ಧನ ಒಪ್ಪಿದ್ದಾನೆ. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಅದೂ ಕಾನೂನೇ. ಹಾಗಾಗಿ ಅವರೇ ಕಟ್ಟಿ ಅವರೇ ನಡೆಸಬೇಕು, ಸೈಟು ಅವರ ಹೆಸರಿಗೆ ಆಗಬೇಕು. ರಾಯಭಾರ ಕಚೇರಿಯವರೂ ಇದಕ್ಕೆ ಸರಿ ಎಂದಿದ್ದಾರೆ. ಕಟ್ಟಡ ಮುಗಿಯುವವರೆಗೆ ಟ್ರಸ್ಟಿನವರು ಮಕ್ಕಳನ್ನು ಶಿವಮೊಗ್ಗದ ತಮ್ಮ ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುತ್ತಾರೆ. ಮಕ್ಕಳು ಅಲ್ಲಿಯೇ ಉಳಿಯಬಹುದು, ದಾದಿಯರಿರುತ್ತಾರೆ, ಭಾನುವಾರ ನೀವು ಹೋಗಿ ನೋಡಬಹುದು. ನಿಮ್ಮೆಲ್ಲರಿಗೂ ಇಷ್ಟು ವರ್ಷಗಳ ಮೇಲೆ ಉಸಿರಾಡಲು ಬಿಡುವು ಸಿಗುತ್ತದೆ. ಇದಕ್ಕಿಂತ ಒಳ್ಳೆಯದನ್ನು ನಾನು ಊಹಿಸಿರಲಿಲ್ಲ.

ಕರಡು ಇಟ್ಟಿದ್ದೇನೆ. ಸಂಘದ ಎಲ್ಲರ ಸಹಿ ಇಪ್ಪತ್ತರೊಳಗೆ ಬೇಕು. ದ್ಯಾಮಮ್ಮನವರು ಸೈಟು ಕೊಟ್ಟವರಾದ್ದರಿಂದ ಅವರ ಹೆಬ್ಬೆಟ್ಟೂ ಇದ್ದರೆ ಒಳ್ಳೆಯದಂತೆ.

ಮತ್ತೊಂದು. ಗಗನಾ ನಿನ್ನ ಮಗಳೆಂದು ಸುನಿಲ್ ಮಾತಿನ ಭರದಲ್ಲಿ ಹೇಳಿಬಿಟ್ಟ. ನನಗೇಕೆ ಹೇಳಲಿಲ್ಲ?

ಜಯಾ

*

ಭದ್ರಾವತಿ
8 ಫೆಬ್ರವರಿ 2025

ಮೇಡಂ,

ದ್ಯಾಮಮ್ಮ ಹೆಬ್ಬೆಟ್ಟು ಒತ್ತುವುದಿಲ್ಲ. ಜನವರಿ ಹತ್ತೊಂಬತ್ತಕ್ಕೆ ತೀರಿಕೊಂಡರು. ಕೆಮ್ಮು ಎದೆಗಿಳಿದಿತ್ತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ನಿಮ್ಮ ಸುದ್ದಿಯನ್ನು ಅವರಿಗೆ ಆಸ್ಪತ್ರೆಯಲ್ಲಿ ಹೇಳಿದೆ. ಕೇಳಿಸಿತು. “ಕಟ್ತಾರಂತಾ?” ಅಂದರು. ಕಟ್ಟುತ್ತಾರೆ ಅಂದೆ. “ಲೋಹಿತಂಗೆ ಕಿಟಕಿ ಪಕ್ಕ ಜಾಗ ಕೊಡಿ” ಅಂದರು.

ನಿಮಗೆ ತಿಳಿಸಲಿಲ್ಲ. ಸೈಟು ಕೊಟ್ಟವರೇ ಇಲ್ಲ ಅಂದರೆ ಎಲ್ಲ ನಿಂತುಹೋಗುತ್ತದೆ ಎಂದು ಹೆದರಿದೆ. ಹೇಳಬೇಡ ಅಂತ ಅಣ್ಣನಿಗೂ ಆಣೆ ಹಾಕಿದ್ದೆ.

ಲೋಹಿತ್‌ನನ್ನು ವಾರಕ್ಕೊಬ್ಬರ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೇವೆ. ಅವನು ಎರಡು ದಿನ ಬಾಯಿಗೆ ಏನೂ ಹಾಕಿಸಿಕೊಳ್ಳಲಿಲ್ಲ. ಬಾಗಿಲ ಕಡೆಗೇ ಮುಖ ತಿರುಗಿಸುತ್ತಾನೆ. ನಾವು ಬೇರೆ ಕಡೆ ಹೊರಳಿಸಿದರೆ ಕೂಗುತ್ತಾನೆ.

ಕರಡನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ನಾಲ್ಕನೇ ಪುಟದಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಾತ್ರ ಪ್ರವೇಶ ಎಂದಿದೆ. ನನ್ನ ಇಂಗ್ಲಿಷ್ ಸಾಲದು, ನಾನು ತಪ್ಪು ಓದಿರಬಹುದು. ಲೋಹಿತ್‌ಗೆ ಹದಿನೇಳು. ಅವರಜ್ಜಿಯ ಸೈಟಿನಲ್ಲಿ ಅವನಿಗೆ ಜಾಗ ಇಲ್ಲವೇ? ನೀವು ಇದನ್ನು ನೋಡಿದ್ದಿರಾ?

ಗಗನಾ ನನ್ನ ಮಗಳು ಎಂದು ಮೊದಲೇ ಹೇಳಿದ್ದರೆ ನೀವು ನನ್ನನ್ನು ಕಂಡು ಮರುಗುತ್ತಿದ್ದಿರಿ. ನನಗೆ ಅರ್ಜಿ ಬೇಕಿತ್ತು.

ಸುಷ್ಮಾ

*

ಶಿವಮೊಗ್ಗ
11 ಫೆಬ್ರವರಿ 2025

ಸುಷ್ಮಾ,

ನಾನು ನೋಡಿದ್ದೆ. ನಿನಗೆ ತಿಳಿದರೆ ಬೇಡವೆನ್ನುತ್ತೀಯೆಂದು ಹೇಳಲಿಲ್ಲ. ದ್ಯಾಮಮ್ಮನವರು ಹೋದದ್ದು ಗೊತ್ತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಈಗ ಯೋಚಿಸಿ ಫಲವಿಲ್ಲ. ರಶ್ಮಿಯ ಕೈಲಿ ಹರ್ಷವರ್ಧನನನ್ನು ಮತ್ತೆ ಕೇಳಿಸಿದೆ. ಅವರ ಪರವಾನಗಿಯೇ ಆ ವಯಸ್ಸಿನ ಮಕ್ಕಳಿಗಂತೆ, ಬದಲಿಸಲು ಬರುವುದಿಲ್ಲವಂತೆ.

ನನ್ನ ಮಾತು ಕೇಳು. ಮಾರ್ಚ್ ಮೂವತ್ತೊಂದಕ್ಕೆ ಅಷ್ಟೂ ಮಕ್ಕಳು ಬೀದಿಗೆ ಬೀಳುತ್ತಾರೆ. ಲೋಹಿತ್‌ಗೆ ಬೇರೆ ಏನಾದರೂ ವ್ಯವಸ್ಥೆ ಹುಡುಕೋಣ, ದೊಡ್ಡವರ ಆಶ್ರಮಗಳಿವೆ. ನಿನ್ನ ಮಗಳನ್ನಾದರೂ ನೆನೆದುಕೋ. ಒಬ್ಬನಿಗಾಗಿ ಎಲ್ಲರನ್ನೂ ಮುಳುಗಿಸಬೇಡ. ಸಹಿ ಹಾಕಿಸು. ಬೇಡಿಕೊಳ್ಳುತ್ತೇನೆ.

ಜಯಾ

*

ಭದ್ರಾವತಿ
19 ಫೆಬ್ರವರಿ 2025

ಮೇಡಂ,

ನೀವು ಹೇಳಿದ್ದನ್ನು ನಾನೂ ನನಗೇ ಹೇಳಿಕೊಂಡೆ. ಮೂರು ದಿನ ಕರಡನ್ನು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ, ಅಡುಗೆ ಮಾಡುವಾಗೆಲ್ಲ ಕಾಣುತ್ತಿತ್ತು. ಬಳ್ಳಾರಿ ಕಡೆ ಕೆಲಸದಲ್ಲಿರುವ ನನ್ನ ಗಂಡ ಫೋನಿನಲ್ಲಿ, “ಸಹಿ ಹಾಕು, ಒಬ್ಬಳನ್ನ ಎತ್ತೋಕೇ ನಿನ್ನ ಕೈಲಿ ಆಗ್ತಿಲ್ಲ” ಎಂದರು. ಅದೂ ನಿಜ. ನನ್ನ ಸೊಂಟ ಕಳೆದ ವರ್ಷದಿಂದ ಸರಿಯಿಲ್ಲ. ನಾನೊಬ್ಬಳೇ ತೀರ್ಮಾನ ಮಾಡುವುದು ಬೇಡವೆಂದು ನಿನ್ನೆ ಎಲ್ಲ ತಾಯಂದಿರನ್ನೂ ಸೇರಿಸಿದೆ. ಮುಚ್ಚಿಡದೆ ಓದಿ ಹೇಳಿದೆ.

ಜಗಳವೇ ಆಯಿತು. ಒಬ್ಬರು ಎದ್ದು ನಿಂತು, “ಒಬ್ಬ ಹುಡುಗನಿಗೋಸ್ಕರ ಇಷ್ಟೂ ಮಕ್ಕಳನ್ನ ಬೀದಿಗೆ ಹಾಕ್ತೀಯಾ ಸುಷ್ಮಾ? ಅವನಿಗೇನು ಗೊತ್ತಾಗುತ್ತೆ?” ಅಂದರು. ಲೋಹಿತ್ ಅಲ್ಲೇ ಚಾಪೆಯ ಮೇಲಿದ್ದ. “ಭಾನುವಾರ ಮಾತ್ರ ನೋಡೋದಾ?” ಎಂದು ಇನ್ನೊಬ್ಬರು. “ವಾರದಲ್ಲಿ ಆರು ದಿನನಾದ್ರೂ ನಿದ್ದೆ ಮಾಡ್ತೀನಿ” ಎಂದು ಅವರ ಪಕ್ಕದವರು. ಯಾರ ಮಾತೂ ತಪ್ಪೆನಿಸಲಿಲ್ಲ.

ವಸಂತಮ್ಮ ಅಂತ ಇದ್ದಾರೆ, ತೀರ ಕಮ್ಮಿ ಮಾತು. ಅವರು ಮಗ ವಿಷ್ಣುವಿನ ಬಾಯಿ ಒರೆಸುತ್ತಾ, “ಆಷಾಢಕ್ಕೆ ಇವನಿಗೆ ಹದಿನೈದು ತುಂಬುತ್ತೆ. ಅವತ್ತು ಗೇಟಿಂದ ಈಚೆ ತಂದು ಬಿಡ್ತಾರಲ್ಲ, ಆಗ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಹೇಳು ಮಾರಾಯ್ತಿ, ಸೈಟೂ ಇರಲ್ಲ” ಅಂದರು.

ಎಲ್ಲರೂ ತಮ್ಮ ತಮ್ಮ ಮಗುವಿನ ಕಡೆ ನೋಡಿಕೊಂಡರು. ಗಗನಾಗೆ ಹೋದ ವಾರ ಹದಿಮೂರು ತುಂಬಿತು, ಮೇಡಂ.

ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಆ ಟ್ರಸ್ಟಿನ ಶಿವಮೊಗ್ಗದ ಹಾಸ್ಟೆಲಿಗೆ ಸೇರಿಸುತ್ತಾರಂತೆ. ಹೋಗುವಾಗ ನನ್ನ ಕೈ ಹಿಡಿದುಕೊಂಡು ಅತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಿಕ್ಕವರು ಸಹಿ ಬೇಡ ಅಂದಿದ್ದೇವೆ. ಕರಡನ್ನು ವಾಪಸು ಕಳಿಸಿದ್ದೇನೆ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ ಗೊತ್ತಿಲ್ಲ.

ಸುಷ್ಮಾ

*

ಶಿವಮೊಗ್ಗ
12 ಮಾರ್ಚ್ 2025

ಪ್ರೀತಿಯ ಸುಷ್ಮಾ,

ಮುಗಿಯಿತು. ಗಡುವನ್ನು ಮುಂದೂಡಿ ಎಂದು ರಾಯಭಾರ ಕಚೇರಿಗೆ ಎರಡು ಸಲ ಬರೆದೆ. ಆ ಹೆಂಗಸು ತಾವೇ ಉತ್ತರಿಸಿದ್ದಾರೆ. ನಿಯಮ ಮೀರಲು ತಮ್ಮಿಂದ ಆಗಲಿಲ್ಲವೆಂದೂ ದ್ಯಾಮಮ್ಮನವರ ಸುದ್ದಿ ಕೇಳಿ ದುಃಖವಾಯಿತೆಂದೂ ಬರೆದಿದ್ದಾರೆ. ಹಣ ಬೇರೆ ಸಂಘಕ್ಕೆ ಹೋಯಿತು.

ಗಡುವಿಗೆ ಮುಂಚೆ ಕೊನೆಯ ಯತ್ನವೆಂದು ಹರ್ಷವರ್ಧನನ ಆಫೀಸಿಗೆ ನಾನೇ ಹೋಗಿದ್ದೆ. ಆಪರೇಷನ್ ಆದ ಮೇಲೆ ಮನೆಯಿಂದ ಅಷ್ಟು ದೂರ ಹೋದದ್ದು ಅದೇ ಮೊದಲು. ಲೋಹಿತ್‌ನನ್ನೂ ಸೇರಿಸಿಕೋ ಎಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅವನು ಎದ್ದು ನಿಂತೇ ಓದಿದ, ಕಾಫಿ ತರಿಸಿದ, ಆಗುವುದಿಲ್ಲ ಎಂದ. ಮಾತಿದ್ದಿದ್ದರೆ ಅವನನ್ನು ಬೈದು ಬರುತ್ತಿದ್ದೆನೋ ಏನೋ. ಆದರೆ ಬೈಯುವಂಥದ್ದೇನನ್ನೂ ಅವನು ಮಾಡಿರಲಿಲ್ಲ. ನಾನು ನಿನಗೆ ಬರೆದ ಮಾತುಗಳನ್ನೇ ಅವನು ನನಗೆ ಹೇಳಿದ, ಒಬ್ಬನಿಗಾಗಿ ಎಲ್ಲರನ್ನೂ ಮುಳುಗಿಸುವುದೇ ಮೇಡಂ ಎಂದು. ಕೇಳಲು ಆಗಲಿಲ್ಲ. ಎದ್ದು ಬಂದೆ.

ಒಂದು ಸಲದ ಅನುಮತಿಗೆ ಏನೇನು ಕಾಗದ ಬೇಕೆಂದು ರಶ್ಮಿ ಹುಡುಕಿ ಇಟ್ಟಿದ್ದಾಳೆ. ಮುಂದಿನ ಸುತ್ತು ಆಗಸ್ಟಿನಲ್ಲಿ. ಈ ಬಾರಿ ಮುಂಚೆಯೇ ಶುರುಮಾಡಬಹುದು. ಅರ್ಜಿಯನ್ನು ನೀನು ಹೇಳಿದಂತೆಯೇ ಬರೆಯುತ್ತೇನೆ, ಒಂದು ಪದವನ್ನೂ ಸೇರಿಸುವುದಿಲ್ಲ. ನನ್ನ ಸಹಾಯ ಇನ್ನು ಸಾಕೆನಿಸಿದ್ದರೆ ಸುನಿಲ್ ಬಳಿ ಹೇಳಿ ಕಳಿಸು, ಬೇಸರ ಮಾಡಿಕೊಳ್ಳುವುದಿಲ್ಲ.

ಏಪ್ರಿಲ್ ಒಂದಕ್ಕೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀಯೆ? ದಿನಾ ಎದ್ದ ಕೂಡಲೇ ಇದೇ ಯೋಚನೆ.

ಜಯಾ

*

ಹಳೇ ಊರು, ಭದ್ರಾವತಿ
9 ಏಪ್ರಿಲ್ 2025

ಪ್ರೀತಿಯ ಮೇಡಂ,

ಬರೆಯಲು ತಡವಾಯಿತು. ನೀವು ಕಾಯುತ್ತಿರುತ್ತೀರಿ ಎಂದು ಗೊತ್ತಿತ್ತು.

ಮನೆ ಖಾಲಿ ಮಾಡಿ ದ್ಯಾಮಮ್ಮನ ಸೈಟಿಗೇ ಬಂದೆವು. ಬೇರೆ ಎಲ್ಲಿಗೆ ಹೋಗುವುದು? ಅಣ್ಣ ಸುನಿಲ್ ಅಂಗಡಿಗೆ ರಜೆ ಹಾಕಿ ಮುಳ್ಳುಗಿಡ ಸವರಿದ. ನಾಲ್ಕು ಕಂಬ ನೆಟ್ಟು ಟಾರ್ಪಾಲು ಕಟ್ಟಿದೆವು. ನೆಲಕ್ಕೆ ಹಳೇ ಫ್ಲೆಕ್ಸು, ಅದರ ಮೇಲೆ ಚಾಪೆ. ಬಚ್ಚಲಿಗೆ ಎದುರು ಮನೆಯವರು ಹಿತ್ತಿಲ ಬಾಗಿಲು ತೆಗೆದಿಡುತ್ತಾರೆ, ಆದರೆ ಅಲ್ಲಿವರೆಗೆ ಮಕ್ಕಳನ್ನು ಎತ್ತಿಕೊಂಡೇ ಹೋಗಬೇಕು. ಮಧ್ಯಾಹ್ನ ಟಾರ್ಪಾಲಿನ ಕೆಳಗೆ ಬೆಂದುಹೋಗುತ್ತೇವೆ. ಎರಡನೇ ದಿನಕ್ಕೇ ಒಬ್ಬ ಹುಡುಗನಿಗೆ ಜ್ವರ ಬಂತು. ಆವತ್ತು ಸಂಜೆ ಗಗನಾಳನ್ನು ಎತ್ತಿಕೊಂಡು ಮನೆಗೆ ಹೋಗುವಾಗ, ಸಹಿ ಹಾಕಿದ್ದರೆ ಇಷ್ಟೊತ್ತಿಗೆ ಗೋಡೆ ಏಳುತ್ತಿತ್ತು ಅಂದುಕೊಂಡೆ. ದಾರಿಯಲ್ಲಿ ಕೂತು ಅತ್ತೆ. ಇದನ್ನು ನಿಮಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ನಿನ್ನೆ ಸಂಜೆ ಮಳೆ ಬಂತು. ಗಾಳಿ ಎಂಥದ್ದೆಂದರೆ ಎರಡು ಕಂಬ ಮುರಿದು ಟಾರ್ಪಾಲು ಎದ್ದುಹೋಯಿತು. ನಾವು ಅದರ ಅಂಚುಗಳನ್ನು ಕೈಯಲ್ಲಿ ಹಿಡಿದು, ಮಕ್ಕಳ ಮೇಲೆ ಬಗ್ಗಿ ನಿಂತೆವು. ಲೋಹಿತ್ ಆ ತುದಿಯಲ್ಲಿದ್ದ, ಅವನವರೆಗೆ ಟಾರ್ಪಾಲು ಮುಟ್ಟಲಿಲ್ಲ. ನಾನು ಓಡಿಹೋಗುವಷ್ಟರಲ್ಲಿ ಪೂರ್ತಿ ನೆನೆದಿದ್ದ. ಕೂಗುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋದರೆ ನಗುತ್ತಿದ್ದ. ಅಜ್ಜಿ ಅವನನ್ನು ಒಂದು ಹನಿ ಮಳೆಗೂ ಬಿಟ್ಟಿರಲಿಕ್ಕಿಲ್ಲ. ಬಾಯಿ ತೆರೆದು, ನೀರು ನಾಲಿಗೆ ಮೇಲೆ ಬೀಳಿಸಿಕೊಂಡು, ಗಂಟಲೆಲ್ಲ ಗೊರಗೊರ ಅನ್ನುವಂತೆ ನಗುತ್ತಿದ್ದ. ಜನವರಿಯಿಂದ ಅವನು ನಕ್ಕಿರಲಿಲ್ಲ. ನೋಡಿ ವಸಂತಮ್ಮನಿಗೂ ನಗು ಬಂತು. ನನಗೆ ನಗುವೋ ಅಳುವೋ ತಿಳಿಯಲಿಲ್ಲ, ಮುಖವೆಲ್ಲ ನೀರೇ.

ಇವತ್ತು ಯಾರೂ ಬರುವುದಿಲ್ಲ ಅಂದುಕೊಂಡೇ ಬೆಳಿಗ್ಗೆ ಬಂದೆ. ನೆಲ ಕೆಸರು, ಚಾಪೆ ಒದ್ದೆ. ಸ್ವಲ್ಪ ಹೊತ್ತಿಗೆ ವಸಂತಮ್ಮ ಆಟೋದಲ್ಲಿ ವಿಷ್ಣುವಿನ ಜೊತೆ ಬಿದಿರು ಗಳಗಳನ್ನೂ ಹೇರಿಕೊಂಡು ಬಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಮಳೆಗಾಲ ಮುಗಿಯುವ ಕಾರ್ತೀಕದವರೆಗೆ ಹೀಗೇ ಇರಲಾಗುವುದಿಲ್ಲ, ಮುಂಗಾರು ಹಿಡಿದರೆ ಒಂದು ವಾರವೂ ತಡೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಆದರೂ ಗಳ ಕಟ್ಟುತ್ತಿದ್ದಾರೆ.

ಕಾಗದಗಳನ್ನು ಕಳಿಸಿ. ಆಗಸ್ಟಿಗೆ ಮತ್ತೆ ಹಾಕೋಣ. ಕೊಡುತ್ತಾರೋ ಇಲ್ಲವೋ, ಅನುಮತಿ ಬರುತ್ತದೋ ಇಲ್ಲವೋ. ಒಂದು ಮಾತು ಮಾತ್ರ ತಿದ್ದಬೇಕು. ಲೋಹಿತ್ ಯಾರ ಜೊತೆ ಇರುತ್ತಾನೆ ಎಂದು ಕೇಳಿದರೆ, ಸುಷ್ಮಾಳ ಮನೆಯಲ್ಲಿ ಎಂದು ಬರೆಯಿರಿ. ವಾರಕ್ಕೊಂದು ಮನೆ ಬದಲಾದರೆ ಅವನು ಊಟ ಬಿಡುತ್ತಾನೆ. ನನ್ನ ಗಂಡ ಇನ್ನೂ ಒಪ್ಪಿಲ್ಲ. ಆದರೆ ಯುಗಾದಿಗೆ ಬಂದಾಗ ಲೋಹಿತ್‌ಗೊಂದು ಮಂಚ ತಂದು ಹಾಕಿ ಹೋದರು.

ನೀವು ಒಂದು ಸಲ ಇಲ್ಲಿಗೆ ಬನ್ನಿ. ಮಾತು ಬಾರದವರು ಇಲ್ಲಿ ಬಹಳ ಜನ ಇದ್ದಾರೆ, ನಿಮಗೆ ಸಂಕೋಚವಾಗುವುದಿಲ್ಲ. ಅಣ್ಣ ಬಸ್ಸಿನಲ್ಲಿ ಜೊತೆಗೆ ಕರೆತರುತ್ತಾನೆ.

ಕರೆಯುತ್ತಿದ್ದಾರೆ. ಲೋಹಿತ್‌ನನ್ನು ಒಣಗಿದ ಕಡೆಗೆ ಸರಿಸಬೇಕು, ಅವನನ್ನು ಎತ್ತಲು ಇಬ್ಬರು ಬೇಕು. ಹೋಗುತ್ತೇನೆ.

ಸುಷ್ಮಾ